ಬೂದ್ಯಾನ ಕೊರಳ ದಾರ

ಗುದ್ದಲಿ ಮೂರನೆಯ ಸಲವೂ ಕಲ್ಲಿಗೇ ತಾಗಿದಾಗ ಅಣವೀರಪ್ಪ ಅಗೆಯುವುದನ್ನು ನಿಲ್ಲಿಸಿ, ಮುಖದ ಮೇಲಿನ ಮಳೆಹನಿಯನ್ನು ತೋಳಿನಿಂದ ಒರೆಸಿಕೊಂಡ.

"ಇಲ್ಲಿ ಆಗಂಗಿಲ್ಲ ಯವ್ವಾ," ಎಂದ. "ಮೊಳ ಇಳಿದ್ರ ಬರೇ ಪರಸಿ ಕಲ್ಲು. ಹಳ್ಳದ ದಂಡಿಗಿ ಒಯ್ದು ಹೂಳೂನು ಅಂದ್ರ ಅಪ್ಪ ಕೇಳವಲ್ಲ."

"ಹಳ್ಳದ ದಂಡ್ಯಾಗ ನರಿ ಕೆದರ್ತಾವ," ಎಂದಳು ಅಂಬಮ್ಮ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಅವಳು ಮಗನ ಕೆಲಸ ನೋಡುತ್ತ ನಿಂತಿದ್ದಳು. "ಇನ್ನೊಂದು ಮಾರು ಆ ಕಡಿ ಸರಕೊಂಡು ಅಗಿ. ನಾಯಿಗಿ ಬಾಳಿ ಗಿಡದ ನೆರಳೇ ಬೇಕಂತ. ನಾ ಸತ್ರ ನಿಮ್ಮಪ್ಪ ಇಷ್ಟು ಜಾಗ ಹುಡುಕ್ತಾರೋ ಇಲ್ಲೋ."

"ನೀ ಸಾಯಂಗಿಲ್ಲ ಬಿಡು. ನಮ್ಮನ್ನೆಲ್ಲ ಹೂಳಿ, ಕುಣಿ ಸಣ್ಣದಾತು ಅಂತ ಅಗದವರಿಗಿ ಬೈದು, ಆಮ್ಯಾಗ ಹೋಗ್ತಿ."

ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದ ಸೊಸೆ ಶಂಕ್ರಮ್ಮನಿಗೆ ಈ ಮಾತೆಲ್ಲ ಕೇಳಿಸುತ್ತಿತ್ತು. ಆದರೆ ಅವಳ ಕಣ್ಣು ಗಂಡ ಅಗೆಯುತ್ತಿದ್ದ ಕುಣಿಯ ಕಡೆ ಇರಲಿಲ್ಲ. ಬಾಳೆಯ ಸಾಲುಗಳಾಚೆ ಮನೆಯ ಅಂಗಳದಲ್ಲಿ ನೊಗ ಇಳಿಸಿ ನಿಲ್ಲಿಸಿದ್ದ ಗಾಡಿಯ ಕಡೆ ಇತ್ತು. ಗಾಡಿಯ ಅಚ್ಚಿನ ಕೆಳಗೆ, ಹದಿನಾಲ್ಕು ವರ್ಷ ತನ್ನದೆಂದು ಮಲಗುತ್ತಿದ್ದ ಜಾಗದಲ್ಲೇ, ಬೂದ್ಯಾ ಮಲಗಿತ್ತು. ನಸುಕಿನಲ್ಲಿ ಅದರ ಉಸಿರು ನಿಂತಿತ್ತು. ಪಕ್ಕದಲ್ಲಿ ಗಾಲಿಗೆ ಬೆನ್ನು ಕೊಟ್ಟು ಮಾವ ದೌಲಪ್ಪ ಕುಳಿತಿದ್ದರು. ಮಳೆ ಬಂದರೂ ಎದ್ದಿರಲಿಲ್ಲ, ನಿಂತರೂ ಎದ್ದಿರಲಿಲ್ಲ.

ಗಾಲಿಯ ಕಡ್ಡಿಗಳ ನಡುವಿನಿಂದ ನಾಯಿಯ ಕೊರಳು ಕಾಣುತ್ತಿತ್ತು. ಕೊರಳಿನಲ್ಲಿ ಒಂದೆಳೆ ಕೆಂಪು ದಾರ.

ಶಂಕ್ರಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. ಮಣ್ಣು ಬೀಳುವ ಮೊದಲು ಆ ದಾರವನ್ನು ಬಿಚ್ಚಿಕೊಳ್ಳಬೇಕು. ಅದು ತವರಿನಿಂದ ಬಂದ ದಾರ. ಇನ್ನು ಮೇಲೆ ಬರುವಂಥದ್ದಲ್ಲ. ನಿನ್ನೆ ಸಂಜೆ ಕಲಬುರಗಿಯಿಂದ ಗಾಡಿ ಬಂದಾಗಲೇ ಬಿಚ್ಚಬಹುದಾಗಿತ್ತು. ಆದರೆ ಪಂಚಮಿಗೆ ಕರೆದೊಯ್ಯಲು ಅಣ್ಣನೂ ಅದೇ ಗಾಡಿಯಲ್ಲಿ ಬಂದಿದ್ದ. ಅವನ ಕಾಲಿಗೆ ನೀರು, ಊಟ, ಮಾತು ಎನ್ನುವಷ್ಟರಲ್ಲಿ ಕತ್ತಲಾಯಿತು. ನಾಯಿ ಎಲ್ಲಿ ಹೋಗುತ್ತದೆ, ಬೆಳಿಗ್ಗೆ ಬಿಚ್ಚಿದರಾಯಿತು ಎಂದುಕೊಂಡಿದ್ದಳು.

ಈಗ ಹೋಗುವಂತಿರಲಿಲ್ಲ. ಮಾವ ಕುಳಿತಲ್ಲಿಗೆ ಸೊಸೆ ಹೋಗುವುದು ಆ ಮನೆಯಲ್ಲಿ ಇಲ್ಲದ ಪದ್ಧತಿ. ಹದಿನಾಲ್ಕು ವರ್ಷಗಳಲ್ಲಿ ಅವಳು ಅವರೆದುರು ನಿಂತು ಒಂದು ಮಾತು ಆಡಿದವಳಲ್ಲ, ಅವರೂ ಆಡಿದವರಲ್ಲ. ಒಳಗೆ ಬರುವ ಮೊದಲು ಅವರು ಹೊಸ್ತಿಲ ಹೊರಗೆ ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದೊಡನೆ ಅವಳು ಸೆರಗು ಮುಂದಕ್ಕೆಳೆದುಕೊಂಡು ಅಡುಗೆಮನೆಗೆ ಸರಿಯುತ್ತಿದ್ದಳು. ಮಾವನ ಮುಖಕ್ಕಿಂತ ಆ ಕೆಮ್ಮೇ ಅವಳಿಗೆ ಹೆಚ್ಚು ಪರಿಚಯ.

ಅವಳು ಮಗಳನ್ನು ಕರೆದಳು. ಏಳು ವರ್ಷದ ಶೇವಂತಾ ಕೆಸರಿನಲ್ಲಿ ಕಾಲು ಎಳೆಯುತ್ತ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಮುತ್ಯಾನ ಕಡಿ ಹೋಗಿ, ಬೂದ್ಯಾನ ಕೊಳ್ಳಾಗಿನ ದಾರ ಬಿಚ್ಚಿಕೊಡು ಅಂತ ಕೇಳಿ ತಗೊಂಡು ಬಾ. ಅವ್ವ ಹೇಳ್ಯಾಳ ಅನ್ನಬ್ಯಾಡ."

ಹುಡುಗಿ ಹೋದಳು. ಗಾಡಿಯ ಹತ್ತಿರ ನಿಂತಳು. ಸ್ವಲ್ಪ ಹೊತ್ತು ಮುತ್ಯಾನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು. ಬರಿಗೈಯಲ್ಲಿ ಬಂದಳು.

"ಯಾಕ?"

"ಮುತ್ಯಾ ಅಳ್ಲಾಕತ್ತಾನ," ಎಂದಳು ಶೇವಂತಾ. "ನಾ ಕೇಳಲಿಲ್ಲ."

ಕುಣಿಯ ಕಡೆಯಿಂದ ಅಂಬಮ್ಮನ ದನಿ ಮತ್ತೆ ಬಂತು. "ಮಳ್ಯಾಗ ಕುಂತಾರ ನೋಡು. ತಲಿ ಮ್ಯಾಗಿನ ಪಟಕಾ ತೊಯ್ದು ಮುದ್ದಿ ಆಗ್ಯಾದ. ಮೊದಲೇ ಅದರ ಅಂಚೆಲ್ಲ ಇಲಿ ಕಡದಾವ. ವರ್ಷಕ್ಕ ಎರಡು ಪಟಕಾ ಬೇಕು ಇವರಿಗಿ. ಮನ್ಯಾಗ ಅಷ್ಟು ಅರಿವಿ ಅದಾವ, ಆ ಇಲಿಗಿ ಇವರ ಪಟಕಾ ಒಂದೇ ರುಚಿ."

*

ಶಂಕ್ರಮ್ಮನನ್ನು ಗಂಡನ ಮನೆಗೆ ಕಳಿಸಿದಾಗ ಅವಳಿಗೆ ಹದಿಮೂರು ವರ್ಷ. ಕಲಬುರಗಿಯ ಬ್ರಹ್ಮಪುರದ ಓಣಿಯಿಂದ ಕಮಲಾಪುರಕ್ಕೆ ಹನ್ನೆರಡು ಕೋಸು. ಬಾಳೆಹಣ್ಣು ಮಾರಿ ಖಾಲಿಯಾದ ಗಾಡಿಯಲ್ಲೇ ಕೌದಿ ಹಾಸಿ ಕೂಡಿಸಿದ್ದರು. ದಾರಿಯುದ್ದಕ್ಕೂ ಅವಳು ಅತ್ತಳು. ಮುಂದೆ ಕುಳಿತು ಎತ್ತು ಹೊಡೆಯುತ್ತಿದ್ದ ಮಾವ ಒಮ್ಮೆಯೂ ತಿರುಗಿ ನೋಡಲಿಲ್ಲ. ತಾಜಸುಲ್ತಾನಪುರ ದಾಟಿದ ಮೇಲೆ ಮಾತ್ರ ಒಂದು ಬಾವಿಯ ಹತ್ತಿರ ಗಾಡಿ ನಿಲ್ಲಿಸಿ, ತಂಬಿಗೆಯಲ್ಲಿ ನೀರು ತಂದು ಗಾಡಿಯ ಅಂಚಿಗಿಟ್ಟು, ಕೆಮ್ಮಿ ದೂರ ಹೋಗಿ ನಿಂತರು.

ಕಮಲಾಪುರದಲ್ಲಿ ಎತ್ತು ಬಿಚ್ಚಿದಾಗ ಅಚ್ಚಿನ ಕೆಳಗಿನಿಂದ ಬೂದಿಬಣ್ಣದ ಒಂದು ಮರಿನಾಯಿ ಹೊರಗೆ ಬಂದಿತು. ಓಣಿಯಲ್ಲಿ ಅವಳ ಕೈಯಿಂದ ರೊಟ್ಟಿ ತಿಂದು ಬೆಳೆದದ್ದು. ಹನ್ನೆರಡು ಕೋಸು ಗಾಡಿಯ ನೆರಳಿನಲ್ಲಿ ನಡೆದು ಬಂದಿತ್ತು, ಯಾರಿಗೂ ತಿಳಿದಿರಲಿಲ್ಲ.

ಆರತಿ ತಟ್ಟೆ ಹಿಡಿದು ನಿಂತಿದ್ದ ಅಂಬಮ್ಮ ನಾಯಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಬೀಗರು ಭಾಳ ದೊಡ್ಡ ಮನಸಿನವರು. ಹೆಣ್ಣಿನ ಕೂಡ ನಾಯಿನೂ ಕೊಟ್ಟಾರ," ಎಂದು ನಾಯಿಗೂ ಒಮ್ಮೆ ನಿವಾಳಿಸಿದಳು. ಸುತ್ತಲಿದ್ದವರು ನಕ್ಕರು. ಶಂಕ್ರಮ್ಮನೂ ಸೆರಗಿನೊಳಗೆ ನಕ್ಕಳು. ಆ ಮನೆಯಲ್ಲಿ ಅವಳು ಮೊದಲ ಸಲ ನಕ್ಕದ್ದು ಹಾಗೆ.

ವಾರಕ್ಕೊಮ್ಮೆ ಮಾವ ಕೆಂಪು ಬಾಳೆಯ ಗೊನೆಗಳನ್ನು ಹೇರಿಕೊಂಡು ಕಲಬುರಗಿಗೆ ಹೋಗುವರು. ಬೂದ್ಯಾ ಗಾಡಿಯ ಕೆಳಗೆ ನಡೆಯುವುದು. ಹಾದಿಯಲ್ಲಿ ಹೊತ್ತು ಮುಳುಗಿದರೆ ಅದಕ್ಕೆ ಕಾಣಲೆಂದು ಮಾವ ಅಚ್ಚಿಗೆ ಕಂದೀಲು ಕಟ್ಟುವರು. ಪೇಟೆಯಲ್ಲಿ ಇಮಾಮುದ್ದೀನ್ ಬಾಗವಾನನ ಅಂಗಡಿಯೆದುರು ಗೊನೆ ಇಳಿಸುವಷ್ಟರಲ್ಲಿ ನಾಯಿ ಬ್ರಹ್ಮಪುರದ ಮನೆಗೆ ಓಡಿ, ರೊಟ್ಟಿ ತಿಂದು, ಗಾಡಿ ಹೊರಡುವ ಹೊತ್ತಿಗೆ ತಿರುಗಿ ಬರುವುದು. "ಲೋ, ತುಮ್ಹಾರಾ ಟಪಾಲ್ ಆಯಾ," ನಿಮ್ಮ ಅಂಚೆ ಬಂತು ನೋಡಿ ಎಂದು ಇಮಾಮುದ್ದೀನ್ ಗಾಡಿಯವರಿಗೆ ಕೂಗಿ ಹೇಳುವನು. ಅವನು ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು.

ಅದು ಶಂಕ್ರಮ್ಮನ ಅವ್ವ ಭಾಗಮ್ಮನ ಉಪಾಯ. ತಾಯಿ ಮಗಳಿಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಕಾಗದ ಬರೆಸಲು ಅವ್ವ ಒಮ್ಮೆ ಕಚೇರಿಯ ಮುನ್ಷಿಯ ಹತ್ತಿರ ಹೋಗಿದ್ದಳು. ಅವನು ಉರ್ದುವಿನಲ್ಲಿ ಬರೆದು, ಬರೆದದ್ದನ್ನು ಓದಿ ಹೇಳಿದಾಗ ಅವ್ವನಿಗೆ ಗಾಬರಿಯಾಯಿತು. "ನನ್ನ ಮಾತು ನನಗೇ ಗುರ್ತು ಹತ್ತಲಿಲ್ಲ ಮಗಳೇ. ಯಾವುದೋ ನವಾಬನ ಹೆಂಡ್ತಿ ಮಾತಾಡಿದಂಗ ಇತ್ತು," ಎಂದು ಮುಂದಿನ ಪಂಚಮಿಯಲ್ಲಿ ಹೇಳಿ ನಕ್ಕಿದ್ದಳು. ಆ ಪಂಚಮಿಯಲ್ಲೇ ಇಬ್ಬರೂ ಜೋಕಾಲಿಯ ಮೇಲೆ ಕುಳಿತು ಒಪ್ಪಂದ ಮಾಡಿಕೊಂಡರು. ಕೌದಿ ಹೊಲಿಯುವ ನೀಲಿ ದಾರ ನಾಯಿಯ ಕೊರಳಿಗೆ. ಒಂದು ಗಂಟೆಂದರೆ ಸುಖವಾಗಿದ್ದೇನೆ. ಎರಡು ಗಂಟೆಂದರೆ ನೆನಪಾಗಿದ್ದೀ. ಮೂರು ಗಂಟೆಂದರೆ ಬಾ.

ಗಾಡಿ ತಿರುಗಿ ಬಂದ ದಿನ ಬೂದ್ಯಾ ನೇರ ಹಿತ್ತಿಲ ಬಾಗಿಲಿಗೆ ಬಂದು ಕತ್ತು ಚಾಚಿ ನಿಲ್ಲುತ್ತಿತ್ತು. ಅವಳು ದಾರ ಬಿಚ್ಚಿ ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಹೊರಡುವ ದಿನ ತನ್ನದೊಂದು ಕಟ್ಟಿ ಕಳಿಸುತ್ತಿದ್ದಳು. ಮನೆಯಲ್ಲಿ ಯಾರೂ ಇದನ್ನು ಗಮನಿಸಿಲ್ಲವೆಂದೇ ಅವಳು ತಿಳಿದಿದ್ದಳು.

*

ಕೊಡ ಇಳಿಸಿ ಅಡುಗೆಮನೆಗೆ ಬಂದಾಗ ಅಂಬಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿಯನ್ನು ಹೆಂಚಿನಿಂದ ತೆಗೆದು, ಎರಡು ಮಾಡಿ, ಬಾಗಿಲ ಪಕ್ಕದ ಮಣ್ಣಿನ ಪರಟಿಯಲ್ಲಿ ಹಾಕಿದಳು. ಹಾಕಿದ ಮೇಲೆ ಕೈ ಅಲ್ಲೇ ನಿಂತಿತು. ಸೊಸೆ ನೋಡಿದಳೆಂದು ತಿಳಿದು ಹಿಟ್ಟಿನ ಕಡೆ ತಿರುಗಿದಳು.

"ಕಾಗಿಗಿ ಹಾಕೀನಿ," ಎಂದಳು. "ನೀ ಯಾಕ ಹಂಗ ನೋಡ್ತಿ."

ಶಂಕ್ರಮ್ಮ ಒಲೆಗೆ ಕಟ್ಟಿಗೆ ಸರಿಸಿದಳು.

ಪಡಸಾಲೆಯಲ್ಲಿ ಅಣ್ಣ ಜಗದೇವಪ್ಪ ಊಟಕ್ಕೆ ಕುಳಿತಿದ್ದ. ಕಲಬುರಗಿಯ ನೂಲಿನ ಗಿರಣಿಯಲ್ಲಿ ಅವನ ಕೆಲಸ. ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಿದ್ದ.

"ಅತ್ತೆವ್ವಾ, ಹಣಿಗಿ ಒಂದ್ ಚೂರು ಇಬತ್ತಿ ಹಚ್ಚಿ ಹೂಳೂನು. ಅದೂ ಒಂದು ಜೀವ."

"ನಾಯಿಗಿ ಇಬತ್ತಿ ಹಚ್ಚತಾರೇನಪಾ? ಅಯ್ಯನವರು ಕೇಳಿದ್ರ ನನ್ನ ಕೊಳ್ಳಾಗಿನ ಲಿಂಗ ಬಿಚ್ಚಿಕೊಡು ಅಂತಾರ. ಸುಮ್ನ ಉಣ್ಣು."

"ಹಂಗಲ್ರಿ. ಮಾವನೋರಿಗಿ ಅದರ ಮ್ಯಾಗ ಭಾಳ ಜೀವ. ನಿನ್ನಿ ನೋಡಬೇಕಿತ್ತು ನೀವು. ನಾಯಿಗಿ ನಡೀಲಾಕ ಬರವಲ್ದಂತ ನನ್ನ ಪಕ್ಕ ಗಾಡ್ಯಾಗೇ ಮಲಗ್ಸಿದ್ರು. ತಾಜಸುಲ್ತಾನಪುರದ ಬಾವಿ ಹಂತ್ಯಾಕ ಗಾಡಿ ನಿಲ್ಲಿಸಿ, ಅದನ್ನ ತೊಡಿ ಮ್ಯಾಗ ಹಾಕ್ಕೊಂಡು ಕೊಳ್ಳಾಗಿನ ಉಣ್ಣಿ ಆರಿಸ್ಲಾಕತ್ತಿದ್ರು. ಒಂದು ಗಳಿಗಿ ಹೊತ್ತು. ನನಗ ನಿದ್ದಿ ಹತ್ತಿತು, ಅವರದು ಮುಗೀಲಿಲ್ಲ."

"ನನ್ನ ತಲ್ಯಾಗ ಹೇನು ಬಿದ್ದಾಗ ಒಂದಿನ ಆರಿಸ್ಲಿಲ್ಲ," ಎಂದಳು ಅಂಬಮ್ಮ. ಆದರೆ ಅವಳ ದನಿಯಲ್ಲಿ ಎಂದಿನ ಖಾರವಿರಲಿಲ್ಲ.

ಶಂಕ್ರಮ್ಮ ಬಾಗಿಲ ಸಂದಿಯಿಂದ ಹೊರಗೆ ನೋಡಿದಳು. ಮಾವ ಕುಳಿತಲ್ಲೇ ಇದ್ದರು. ಅಣವೀರಪ್ಪನ ಗುದ್ದಲಿಯ ಸದ್ದು ಈಗ ಮೆತ್ತಗೆ, ಒಂದೇ ಸಮನೆ ಕೇಳುತ್ತಿತ್ತು. ಮಣ್ಣು ಸಿಕ್ಕಿತ್ತು.

*

ಏಳು ವರ್ಷದ ಹಿಂದೆ, ಊರೂರಿಗೆ ಜ್ವರ ಬಂದ ವರ್ಷ, ಶಂಕ್ರಮ್ಮ ಬಸುರಿ. ಮೊದಲಿನ ಎರಡೂ ನಿಂತಿರಲಿಲ್ಲ. ಈ ಸಲ ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ನೆಲ ಬಿಟ್ಟು ಏಳಬೇಡ, ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡ ಎಂದು ಹೇಳಿ ಹೋಗಿದ್ದಳು. ಕಲಬುರಗಿಯಲ್ಲಿ ಮನೆಮನೆಗೆ ಜ್ವರ ಎಂದು ಗಂಡಸರು ಹೊರಗೆ ಪಿಸುಗುಡುತ್ತಿದ್ದರು. ಅವಳು ಹತ್ತಿರ ಇದ್ದರೆ ಮಳೆ ಬೆಳೆಯ ಮಾತು ಆಡುತ್ತಿದ್ದರು.

ದಸರೆಯ ಮುಂಚಿನ ಒಂದು ವಾರ ಬೂದ್ಯಾ ಬರಿಗೊರಳಿನಲ್ಲಿ ಬಂತು.

ಕತ್ತು ಚಾಚಿ ನಿಂತಿತು. ಅವಳು ಕೂದಲೊಳಗೆ ಬೆರಳಾಡಿಸಿ ಮತ್ತೆ ಮತ್ತೆ ಹುಡುಕಿದಳು. ದಾರಿಯಲ್ಲಿ ಬಿದ್ದಿರಬೇಕು ಎಂದುಕೊಂಡಳು. ಆದರೂ ಎರಡು ದಿನ ತಟ್ಟೆಯ ರೊಟ್ಟಿ ಮುಟ್ಟಲಿಲ್ಲ. "ಸೊಸಿ ಉಣ್ಣವಲ್ಲಳು. ನಾಯಿ ಬಂದಾಗಿಂದ ಹಿಂಗೇ ಕುಂತಾಳ," ಎಂದು ಅಂಬಮ್ಮ ಪಡಸಾಲೆಯಲ್ಲಿ ಹೇಳುವುದು ಕೇಳಿಸಿತು. ಒಂದು ಕೆಮ್ಮು ಮಾತ್ರ ಕೇಳಿತು.

ಮುಂದಿನ ವಾರ ದಾರ ಬಂತು. ನೀಲಿಯಲ್ಲ, ಕೆಂಪು. ಅವ್ವನ ಹತ್ತಿರ ನೀಲಿ ನೂಲು ತೀರಿರಬೇಕು. ಒಂದೇ ಗಂಟು. ಸುಖವಾಗಿದ್ದೇನೆ.

ಆ ದಿನ ಅವಳು ಎರಡು ರೊಟ್ಟಿ ಉಂಡಳು. ಹಾಗೆ ನಾಲ್ಕು ಕೆಂಪು ದಾರಗಳು ಬಂದವು, ನಾಲ್ಕರಲ್ಲೂ ಒಂದೊಂದೇ ಗಂಟು. ಶೇವಂತಾ ಹುಟ್ಟಿ, ತೊಟ್ಟಿಲಿಗೆ ಹಾಕಿ, ಹನ್ನೊಂದು ದಿನ ಕಳೆದ ಮೇಲೆ ಅಂಬಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, "ನಿಮ್ಮವ್ವ ದಸರಿ ಮುಂದ ಹೋಗಿಬಿಟ್ಲು ಮಗಳೇ," ಎಂದಳು.

ಅತ್ತು ಮುಗಿದ ಮೇಲೆ ಅವಳಿಗೆ ದಾರಗಳ ನೆನಪಾಯಿತು. ಅವ್ವ ಮಣ್ಣಾದ ಮೇಲೆ ಬಂದ ನಾಲ್ಕು ದಾರಗಳು. ಸತ್ತವಳ ಹೆಸರಿನಲ್ಲಿ ಸುಖವಾಗಿದ್ದೇನೆಂದು ಯಾರೋ ಕಟ್ಟಿ ಕಳಿಸಿದ್ದರು. ಯಾರು? ಆ ಮನೆಯಲ್ಲಿ ಉಳಿದ ಹೆಂಗಸು ಅಣ್ಣನ ಹೆಂಡತಿ ಒಬ್ಬಳೇ. ವೈನಿಯೇ ಇರಬೇಕು. ಅವಳ ಮೇಲೆ ಶಂಕ್ರಮ್ಮನಿಗೆ ಬಹಳ ಸಿಟ್ಟು ಬಂತು. ನನ್ನ ತಾಯಿಗಾಗಿ ಅಳುವ ದಿನಗಳನ್ನು ನನ್ನಿಂದ ಕಸಿದುಕೊಂಡಳು ಎನಿಸಿತು. ಆದರೆ ತೊಟ್ಟಿಲಲ್ಲಿ ಮಗು ಕೈಕಾಲು ಆಡಿಸುತ್ತಿತ್ತು.

ದಾರಗಳು ನಿಲ್ಲಲಿಲ್ಲ. ಪ್ರತಿ ವಾರ ಅಲ್ಲ, ತಿಂಗಳಿಗೊಂದು, ಎರಡು. ಯಾವಾಗಲೂ ಕೆಂಪು, ಯಾವಾಗಲೂ ಒಂದು ಗಂಟು. ಮೊದಲು ಅವುಗಳನ್ನು ಒಲೆಗೆ ಹಾಕಬೇಕೆನಿಸುತ್ತಿತ್ತು. ಹಾಕಲಿಲ್ಲ. ವರ್ಷ ಕಳೆದಂತೆ, ನಾಯಿ ಕತ್ತು ಚಾಚಿದಾಗ ಬೆರಳಿಗೆ ದಾರ ತಾಕಿದರೆ ಅವಳ ಎದೆ ಹಗುರಾಗತೊಡಗಿತು. ಪ್ರತಿ ಪಂಚಮಿಗೂ ತವರಿಗೆ ಹೋದಾಗ, ವೈನಿಯನ್ನು ಈ ಸಲ ಕೇಳಬೇಕು ಎಂದುಕೊಳ್ಳುತ್ತಿದ್ದಳು. ಬಾಯಿ ಬರುತ್ತಿರಲಿಲ್ಲ. ಕೇಳುವ ಬದಲು ಒಂದು ಒಳ್ಳೆಯ ಕುಬಸದ ಖಣ ಒಯ್ದು ಕೊಡುತ್ತಿದ್ದಳು. ವೈನಿ ಖಣವನ್ನು ಬೆಳಕಿಗೆ ಹಿಡಿದು ನೋಡಿ, "ಭಾಳ ಛಲೋ ಅದ," ಎನ್ನುತ್ತಿದ್ದಳು. ಅಷ್ಟೇ. ಎಂಥ ಗಂಭೀರ ಹೆಂಗಸು ಎಂದು ಶಂಕ್ರಮ್ಮ ಒಳಗೊಳಗೇ ಕೈ ಮುಗಿಯುತ್ತಿದ್ದಳು.

*

ಊಟ ಮುಗಿಸಿ ಅಣ್ಣ ಹಿತ್ತಿಲಿಗೆ ಕೈ ತೊಳೆಯಲು ಬಂದಾಗ ಅವಳು ತಂಬಿಗೆ ಹಿಡಿದು ನಿಂತಿದ್ದಳು. ಇನ್ನು ಹೊತ್ತಿರಲಿಲ್ಲ.

"ಅಣ್ಣಾ, ನನ್ನದೊಂದು ಕೆಲಸ ಮಾಡ್ತಿಯೇನು? ಬೂದ್ಯಾನ ಕೊಳ್ಳಾಗ ವೈನಿ ಕಟ್ಟಿದ ದಾರ ಅದ. ಅದೊಂದು ಬಿಚ್ಚಿ ತಂದುಕೊಡು."

"ಯಾವ ವೈನಿ?"

"ನನಗ ಎಷ್ಟು ಮಂದಿ ವೈನಿ ಅದಾರ? ನಿನ್ನ ಹೆಂಡ್ತಿ."

ಜಗದೇವಪ್ಪ ಒದ್ದೆ ಕೈಯನ್ನು ಝಾಡಿಸುವುದನ್ನು ಬಿಟ್ಟು ತಂಗಿಯ ಮುಖ ನೋಡಿದ. ಆಮೇಲೆ ನಗು ತಡೆಯಲಾರದೆ ಹೋದ. ಸತ್ತ ಮನೆಯಲ್ಲಿ ನಗಬಾರದೆಂದು ಧೋತರದ ತುದಿಯಿಂದ ಬಾಯಿ ಮುಚ್ಚಿಕೊಂಡ.

"ಆಕಿ ದಾರ ಕಟ್ಟತಾಳ? ನಾಯಿ ಕೊಳ್ಳಿಗಿ? ಶಂಕ್ರೀ, ಆಕಿಗಿ ನಾಯಿ ಅಂದ್ರ ಜೀವ ಹೋಗ್ತದ. ಸಣ್ಣಾಕಿದ್ದಾಗ ಒಂದು ಕಚ್ಚಿತ್ತಂತ. ಬೂದ್ಯಾ ಓಣಿ ತಿರುವಿನಾಗ ಕಂಡ್ರ ಸಾಕು, ಕದಾ ಹಾಕ್ಕೊಂಡು ಕಿಡಕ್ಯಾಗಿಂದ ರೊಟ್ಟಿ ಒಗೀತಾಳ. ಏಳು ವರ್ಷಾತು, ಒಂದಿನ ಅದರ ಮೈ ಮುಟ್ಟಿಲ್ಲ."

"ಮತ್ತ ನೀ?"

"ನಾ ಆ ಹೊತ್ತಿನಾಗ ಗಿರಣ್ಯಾಗ ಇರ್ತೀನಲ್ಲ. ಯಾವ ದಾರ? ಏನ್ ಹೇಳ್ಲಾಕತ್ತಿ ನೀ?"

ಶಂಕ್ರಮ್ಮ ತಂಬಿಗೆಯನ್ನು ಕಲ್ಲಿನ ಮೇಲಿಟ್ಟಳು. ಸರಿಯಾಗಿ ಇಡಲಿಲ್ಲ, ಅದು ಉರುಳಿ ನೀರು ಚೆಲ್ಲಿತು. ತವರಿನಿಂದ ಬಂದದ್ದೆಂದು ಏಳು ವರ್ಷ ಡಬ್ಬಿಯಲ್ಲಿ ಇಟ್ಟುಕೊಂಡ ದಾರಗಳು ತವರಿನಿಂದ ಬಂದವೇ ಅಲ್ಲ. ಹಾಗಿದ್ದರೆ ಆ ಕೈ ಯಾರದು ಎಂಬುದನ್ನು ತಿಳಿಯಲು ಈಗ ಉಳಿದದ್ದು ನಾಯಿಯ ಕೊರಳಿನಲ್ಲಿದ್ದ ಒಂದೇ ಎಳೆ.

ಬಾಳೆಯ ಸಾಲಿನಿಂದ ಅಣವೀರಪ್ಪ ಕೂಗಿದ. "ಕುಣಿ ಆಗ್ಯಾದ. ತರ್ರಿ."

ದೌಲಪ್ಪ ಎದ್ದರು. ಮಗ ಗೋಣಿಚೀಲ ತಂದು ಹಾಸಿದ, ಅದರ ಮೇಲೆ ಹಾಕಿ ಇಬ್ಬರೂ ಹಿಡಿದು ಒಯ್ಯಬಹುದೆಂದು. ಅವರು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಆನಿಸಿಕೊಂಡರು. ಮುದಿಯಾಗಿದ್ದ ನಾಯಿ ಬಹಳ ಹಗುರಾಗಿತ್ತು. ಅವರ ಹಿಂದೆ ಅಣವೀರಪ್ಪ, ಜಗದೇವಪ್ಪ, ಅಂಬಮ್ಮ, ಶೇವಂತಾ. ಎಲ್ಲರ ಹಿಂದೆ ಸೆರಗು ಮುಖದ ಮೇಲೆಳೆದುಕೊಂಡು ಶಂಕ್ರಮ್ಮ. ನಾಯಿಯ ತಲೆ ಮಾವನ ತೋಳಿನಿಂದಾಚೆ ಇಳಿಬಿದ್ದಿತ್ತು. ದಾರ ಕಾಣುತ್ತಿತ್ತು. ಈಗ ಎಂದುಕೊಂಡಳು. ಕುಣಿಗೆ ಇಳಿಸಿದ ಮೇಲೆ, ಎಲ್ಲರೂ ಮಣ್ಣು ಹಾಕುವ ಮೊದಲು ಬಗ್ಗಿ ತೆಗೆದುಕೊಳ್ಳಬೇಕು. ಅತ್ತೆ ಏನಾದರೂ ಅನ್ನಲಿ, ಪದ್ಧತಿ ಮುರಿದರೆ ಮುರಿಯಲಿ.

ಮಾವ ಕುಣಿಯೊಳಗೆ ಇಳಿದು ನಾಯಿಯನ್ನು ಮಲಗಿಸಿದರು. ಕಾಲು ಮಡಚಿ, ಮುಖವನ್ನು ರಸ್ತೆಯ ಕಡೆ ತಿರುಗಿಸಿ ಇಟ್ಟರು. ಅವಳ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಇಟ್ಟಿತು.

ಅಷ್ಟರಲ್ಲಿ ಅವರು ತಲೆಗೆ ಕೈ ಹಾಕಿ ಪಟಕಾ ಬಿಚ್ಚತೊಡಗಿದರು. ಒದ್ದೆಯಾಗಿದ್ದ ಬಟ್ಟೆ ಸುತ್ತು ಸುತ್ತಾಗಿ ಇಳಿಯಿತು. ಬಿಳಿಯ ಪಟಕಾ, ಎರಡು ಬೆರಳಗಲದ ಕೆಂಪು ಅಂಚು. ಅದನ್ನು ಬಿಡಿಸಿ ನಾಯಿಯ ಮೇಲೆ ಹೊದಿಸಿದರು. ಮಗು ಮಲಗಿದಾಗ ಹೊದಿಸುವಂತೆ ಕೊರಳವರೆಗೆ ಎಳೆದರು.

ಶಂಕ್ರಮ್ಮನ ಎದುರಿಗೇ ಬಂದದ್ದು ಅದರ ತುದಿ. ಅಲ್ಲಿ ಒಂದು ಗೇಣುದ್ದ ಕೆಂಪು ಅಂಚೇ ಇರಲಿಲ್ಲ. ಹರಿದದ್ದಲ್ಲ, ಇಲಿ ಕಡಿದದ್ದಲ್ಲ. ಉದ್ದನೆಯ ಎಳೆಗಳನ್ನು ಒಂದೊಂದಾಗಿ, ಪಕ್ಕದ ಎಳೆಗೆ ನೋವಾಗದಂತೆ, ಯಾರೋ ತಾಳ್ಮೆಯಿಂದ ಹಿರಿದು ತೆಗೆದಿದ್ದರು. ಕೊನೆಯದಾಗಿ ಹಿರಿದಲ್ಲಿ ಬಟ್ಟೆ ಇನ್ನೂ ಸಣ್ಣಗೆ ನೆರಿಗೆಗಟ್ಟಿತ್ತು. ಅದರ ಪಕ್ಕದಲ್ಲೇ ನಾಯಿಯ ಕೊರಳಿನ ದಾರ, ಅದೇ ಕೆಂಪು, ಮಳೆಯಲ್ಲಿ ಅಷ್ಟೇ ತೊಯ್ದು ಅಷ್ಟೇ ಕಪ್ಪಾಗಿ.

ತಾಜಸುಲ್ತಾನಪುರದ ಬಾವಿ. ತೊಡೆಯ ಮೇಲೆ ನಾಯಿ. ಒಂದು ಗಳಿಗೆ ಹೊತ್ತು.

ಅಂಬಮ್ಮನೂ ಆ ತುದಿಯನ್ನು ನೋಡಿದಳು. ಅವಳ ಬಾಯಿ ತೆರೆಯಿತು. ಇಲಿಯ ಮಾತು ಬರಬೇಕಾಗಿತ್ತು, ಬರಲಿಲ್ಲ. ಗಂಡನ ಬೋಳುತಲೆಯನ್ನೂ ಸೊಸೆಯ ಸೆರಗನ್ನೂ ಒಂದೊಂದು ಸಲ ನೋಡಿ, ಸೊಂಟದಿಂದ ವಿಭೂತಿಯ ಗಟ್ಟಿ ತೆಗೆದಳು. ಮೊದಲೇ ತಂದಿಟ್ಟುಕೊಂಡಿದ್ದಳು. ಬಗ್ಗಿ ನಾಯಿಯ ಹಣೆಗೆ ಮೂರು ಬೆರಳು ಎಳೆದಳು. ಬೂದಿಬಣ್ಣದ ಮೇಲೆ ಬೂದಿ, ಬಳಿದದ್ದು ಕಾಣಲೂ ಇಲ್ಲ.

"ಅಯ್ಯನವರಿಗಿ ಯಾರೂ ಹೇಳಬ್ಯಾಡ್ರಿ," ಎಂದಳು. ಸೆರಗಿನಿಂದ ಅರ್ಧ ರೊಟ್ಟಿ ತೆಗೆದು ಅದರ ಬಾಯಿಯ ಹತ್ತಿರ ಇಟ್ಟಳು.

ಎರಡು ಹೆಜ್ಜೆ ಮುಂದೆ ಬಂದು ನಿಂತಿದ್ದ ಹೆಂಡತಿಯನ್ನು ಅಣವೀರಪ್ಪ ಕೇಳಿದ. "ಏನರ ಬೇಕಾಗಿತ್ತೇನು?"

ಎಲ್ಲರೂ ಅವಳ ಕಡೆ ನೋಡಿದರು. ಮಾವ ಮಾತ್ರ ನೋಡಲಿಲ್ಲ. ಕುಣಿಯಲ್ಲಿ ನಿಂತು, ಕೆಸರಾದ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಶಂಕ್ರಮ್ಮ ತಲೆಯಾಡಿಸಿದಳು. ಏನೂ ಬೇಡ. ಬಗ್ಗಿ, ದಾರ ಬಿಚ್ಚಬೇಕೆಂದಿದ್ದ ಕೈಯಿಂದಲೇ ಒಂದು ಹಿಡಿ ಮಣ್ಣು ತೆಗೆದುಕೊಂಡು, ಪಟಕಾದ ಮೇಲೆ ಮೆಲ್ಲಗೆ ಬಿಟ್ಟಳು.

*

ಹೊತ್ತು ಇಳಿಯುವ ಮೊದಲೇ ಗಾಡಿ ಹೇರಿ ಆಯಿತು. ಪಂಚಮಿಯ ಪೇಟೆಗೆ ಗೊನೆ ತಲುಪಬೇಕಾದರೆ ಈಗ ಹೊರಡಲೇಬೇಕು. ಅಣವೀರಪ್ಪ ತಾನು ಹೊಡೆಯುತ್ತೇನೆಂದ. ದೌಲಪ್ಪ ತಾವೇ ಎತ್ತುಗಳನ್ನು ನೊಗಕ್ಕೆ ತಂದರು.

"ಬರೇ ತಲೀಲಿ ಊರು ದಾಟಬ್ಯಾಡ್ರಿ," ಎಂದು ಒಳಗಿನಿಂದ ಅಂಬಮ್ಮ ಕೂಗಿದಳು. ಸಂದೂಕದಿಂದ ಹೊಸ ಪಟಕಾ ತೆಗೆದು ಸೊಸೆಯ ಕೈಗಿಟ್ಟಳು. ಜಗದೇವಪ್ಪ ಹಬ್ಬಕ್ಕೆಂದು ಬೀಗರಿಗೆ ತಂದದ್ದು, ಇನ್ನೂ ಗಂಜಿಯ ವಾಸನೆಯಿತ್ತು. "ಶೇವಂತಾನ ಕೈಯಾಗ ಕೊಟ್ಟು ಕಳಿಸು. ಅಂಚು ಗಟ್ಟಿ ಅದನೋ ಇಲ್ಲೋ ನೋಡಿ ಕೊಡು," ಎಂದು ಹೇಳಿ, ಸೊಸೆಯ ಮುಖ ನೋಡದೆ ಬುತ್ತಿ ಕಟ್ಟಲು ಹೋದಳು.

ಶಂಕ್ರಮ್ಮ ಗೂಡಿನಿಂದ ತಗಡಿನ ಡಬ್ಬಿ ಇಳಿಸಿದಳು. ಮೇಲೆ ಕೆಂಪು ದಾರಗಳ ರಾಶಿ. ಅವುಗಳ ಅಡಿಯಲ್ಲಿ ನೀಲಿಯವು, ಬಣ್ಣ ಮಾಸಿ ಮೆತ್ತಗಾಗಿದ್ದವು. ಅವ್ವ ಕಟ್ಟಿದ್ದರಲ್ಲಿ ಒಂದನ್ನು ಆರಿಸಿದಳು. ಪಟಕಾದ ತುದಿಯಲ್ಲಿ, ಕೆಂಪು ಅಂಚಿನೊಳಗೆ ಸೂಜಿಯಿಂದ ಅದನ್ನು ಹಾಯಿಸಿ, ಒಂದು ಗಂಟು ಹಾಕಿದಳು. ಒಂದೇ. ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದಳು, ಅವ್ವ ಮಾಡುತ್ತಿದ್ದ ಹಾಗೆ. ಮಡಚಿ ಮಗಳ ಕೈಗೆ ಕೊಟ್ಟಳು.

ಬಾಗಿಲ ಮರೆಯಿಂದ ನೋಡುತ್ತ ನಿಂತಳು. ಮಾವ ಪಟಕಾ ಕೊಡವಿ, ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು, ತಲೆಗೆ ಸುತ್ತತೊಡಗಿದರು. ಒಂದು ಸುತ್ತು, ಎರಡು ಸುತ್ತು. ಇನ್ನೊಂದು ತುದಿ ಕೈಗೆ ಬಂದಾಗ ಬೆರಳು ನಿಂತಿತು. ಅದನ್ನು ಕಣ್ಣ ಹತ್ತಿರ ತಂದು ನೋಡಿದರು. ಭಾಗಮ್ಮ ಬದುಕಿದ್ದ ಏಳು ವರ್ಷ ಗಾಡಿಯ ಮೇಲೆ ಕುಳಿತು, ಕೆಳಗೆ ನಡೆಯುವ ನಾಯಿಯ ಕೊರಳಿನಲ್ಲಿ ಅವರು ನೋಡಿದ ನೀಲಿ.

ಆಮೇಲೆ ಕೆಮ್ಮಿದರು. ಹೊಸ್ತಿಲಲ್ಲಿ ಯಾರೂ ಕಾಣುತ್ತಿರಲಿಲ್ಲ, ಅವರು ಒಳಗೆ ಬರುವವರೂ ಅಲ್ಲ. ಶಂಕ್ರಮ್ಮ ಈ ಸಲ ಹಿಂದೆ ಸರಿಯಲಿಲ್ಲ.

ಯಾವಾಗಲೂ ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದವರು ಇಂದು ಹೊರಗೆ ಬಿಟ್ಟರು. ಅದು ಕಿವಿಯ ಹಿಂದೆ ಇಳಿಬಿತ್ತು. ಬಗ್ಗಿ ಕಂದೀಲು ಹಚ್ಚಿ ಅಚ್ಚಿಗೆ ಕಟ್ಟಲು ಹೋದಾಗ ಬುತ್ತಿ ತಂದ ಅಂಬಮ್ಮ, "ಇವತ್ತ ಅಲ್ಲ್ಯಾಕ್ರಿ? ಮ್ಯಾಲ ಕಟ್ರಿ, ನಿಮಗರ ಹಾದಿ ಕಾಣ್ತದ," ಎಂದಳು.

"ಇರ್ಲಿ," ಎಂದರು ದೌಲಪ್ಪ. ನಾಯಿಯನ್ನು ಹೂಳಿ ಬಂದ ಮೇಲೆ ಅವರು ಆಡಿದ ಮಾತು ಅದೊಂದೇ.

ಗಾಡಿ ತೋಟ ದಾಟಿ ದೊಡ್ಡ ರಸ್ತೆಗೆ ಬಂತು. ಜಗದೇವಪ್ಪ ಬಾಳೆಯ ಎಲೆಗೆ ಒರಗಿದವನು ಕ್ಷಣದಲ್ಲಿ ಗೊರಕೆ ಹೊಡೆಯತೊಡಗಿದ. ಶೇವಂತಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಗೊನೆಗಳ ನಡುವೆ ಕುಳಿತ ಶಂಕ್ರಮ್ಮನಿಗೆ ಮುಂದೆ ಮಾವನ ಬೆನ್ನು ಕಾಣುತ್ತಿತ್ತು, ಎತ್ತು ಹೆಜ್ಜೆಯಿಟ್ಟಂತೆಲ್ಲ ಅಲುಗಾಡುವ ಪಟಕಾದ ತುದಿ, ಅದರಲ್ಲೊಂದು ನೀಲಿ ಗಂಟು. ಹೊತ್ತು ಮುಳುಗಿತು. ಗಾಡಿಯ ಕೆಳಗೆ ಕಂದೀಲಿನ ಬೆಳಕು, ಒಂದು ನಾಯಿ ನಡೆಯುವಷ್ಟು ಜಾಗ ಮಾಡಿಕೊಂಡು, ಜೊತೆಗೇ ಬರುತ್ತಿತ್ತು.